ಅಜ್ಜನ ಬಯಲಾಟ ಮೊಬೈಲ್‌ನಲ್ಲಿ ಯಾಕೆ ತೆರೆಯಲಿಲ್ಲ?

ಈ ವಾರದ ಸಂಚಿಕೆನ ಹುಲಿಗಿಯಿಂದ ರೆಕಾರ್ಡ್ ಮಾಡ್ತಿದ್ದೀನಿ. ಇವತ್ತು ಹುಣ್ಣಿಮೆ, ಹುಲಿಗೆಮ್ಮನ ದರ್ಶನಕ್ಕೆ ಬಂದ ಜನ ಹೊಳೆದಂಡೆ ತನಕ ತುಂಬಿದ್ದಾರೆ. ಹಿಂದೆ ಗದ್ದಲ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ವಿಷಯ ಶುರುವಾಗಿದ್ದು ನಮ್ಮ ಕಾಕಾನ ಡಿಟಿಪಿ ಅಂಗಡಿಯಲ್ಲಿ. ಅಲ್ಲೊಂದು ಹಳೇ ಕಂಪ್ಯೂಟರ್ ಇದೆ, ವಿಂಡೋಸ್ ಎಕ್ಸ್‌ಪಿ ಇರೋದು. ಅದನ್ನ ಗುಜರಿಗೆ ಹಾಕೋ ಮಾತು ನಡೆದಿತ್ತು. ಅದರೊಳಗೆ ನಮ್ಮಜ್ಜ ಬರೆದ ಬಯಲಾಟದ ಪೂರ್ತಿ ಪಠ್ಯ ಇದೆ. 2006ರಲ್ಲಿ ಕಾಕಾನೇ ಕೂತು ಟೈಪ್ ಮಾಡಿದ್ದು. ಅಜ್ಜ ಈಗಿಲ್ಲ. ಅವರ ಕೈಬರಹದ ನೋಟ್‌ಬುಕ್ ಗೆದ್ದಲು ತಿಂದು ಹೋಗಿದೆ. ಓಣಿಯ ಹುಡುಗರು ಈ ಸಲ ಅದೇ ಆಟ ಆಡ್ತೀವಿ ಅಂದಾಗ ಫೈಲನ್ನ ಪೆನ್‌ಡ್ರೈವ್‌ಗೆ ಹಾಕಿ, ಮೊಬೈಲ್‌ಗೆ ಕಳಿಸಿಕೊಂಡೆವು. ತೆರೆದು ನೋಡಿದರೆ ಒಂದೂ ಕನ್ನಡ ಅಕ್ಷರ ಇಲ್ಲ! ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೆರೆ ಇರೋ ‘ಎ’, ಬರೀ ಇಂಥವೇ.

“ಕಾಕಾ, ವೈರಸ್ ಹೊಕ್ಕೈತಿ, ಡಿಲೀಟ್ ಮಾಡಲೇನು?” ಅಂದ ತಮ್ಮ.

“ಏ, ಮುಟ್ಟಬ್ಯಾಡೋ! ಇಲ್ಲಿ ಛಲೋ ಕಾಣಾಕತ್ತೈತಲ್ಲ!” ಅಂತ ಕಾಕಾ ಹಳೇ ಮಾನಿಟರ್ ತೋರಿಸಿದರು.

ಹೌದು, ಅಲ್ಲಿ ಎಲ್ಲ ಸರಿಯಾಗೇ ಇತ್ತು. ಹಾಗಾದರೆ ಒಂದೇ ಫೈಲ್ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಗೊಜ್ಜು ಆಗೋದು ಹೇಗೆ?

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋದು ಒಂದು ಒಪ್ಪಂದ. ಜಗತ್ತಿನ ಭಾಷೆಗಳಿಗೆಲ್ಲ ಸೇರಿ ಮಾಡಿದ ಒಪ್ಪಂದವೇ ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೂ 128 ಜಾಗ ಸಿಕ್ಕಿತ್ತು. ‘ಕ’ ಅಕ್ಷರದ ಸಂಖ್ಯೆ 3221. ಆದರೆ ಕಾಗದದ ಮೇಲಿದ್ದ ಒಪ್ಪಂದ ನಮ್ಮ ಅಂಗಡಿಗಳ ಕಂಪ್ಯೂಟರಿಗೆ ಬರೋಕೆ ವರ್ಷಗಳೇ ಹಿಡಿದವು. ವಿಂಡೋಸ್‌ನಲ್ಲಿ ಕನ್ನಡದ ಯೂನಿಕೋಡ್ ಅಕ್ಷರ ಮೂಡಿದ್ದು 2001ರ ಎಕ್ಸ್‌ಪಿಯಲ್ಲಿ.

ಅಲ್ಲೀತನಕ ಜನ ಸುಮ್ಮನೆ ಕೂರೋಕೆ ಆಗುತ್ತಾ? ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲೇ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆಗಿನ ಫಾಂಟ್‌ಗಳು ಒಂದು ಜಾಣ ಉಪಾಯ ಮಾಡಿದವು: ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಚಿತ್ರ ಮಾತ್ರ ಬದಲಿಸಿದವು. ಉದಾಹರಣೆಗೆ ನುಡಿಯ ಹಳೇ ಫಾಂಟ್‌ನಲ್ಲಿ ‘ಪಿ’ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’, ಗೆರೆ ಇರೋ ‘ಎ’ ಜಾಗದಲ್ಲಿ ತಲೆಕಟ್ಟು, ಪೌಂಡ್ ಗುರುತಿನ ಜಾಗದಲ್ಲಿ ‘ನ’. ‘ಕನ್ನಡ’ ಅನ್ನೋ ಪದ ಒಳಗೆ ಏಳು ಇಂಗ್ಲಿಷ್ ಗುರುತುಗಳಾಗಿ ಕೂತಿರುತ್ತೆ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತೆ. ನಿಮ್ಮ ಮೊಬೈಲ್‌ನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಒಳಗಿರೋದು ಇದ್ದ ಹಾಗೆ ಕಾಣುತ್ತೆ. ಅಂದರೆ ಫೈಲ್ ಕೆಟ್ಟಿಲ್ಲ, ವೈರಸ್ಸೂ ಇಲ್ಲ.

ಸರಿ, ಕಂಪ್ಯೂಟರ್‌ನಲ್ಲಿದ್ದ ಆ ಸಾಫ್ಟ್‌ವೇರನ್ನೇ ಮೊಬೈಲ್‌ಗೆ ಹಾಕಿದರಾಯ್ತಲ್ಲ ಅಂತೀರಾ? ಆಗಲ್ಲ. ನಮ್ಮ ಮುನಿರಾಬಾದ್ ಮೇಲೆ ಹೋಗೋ ರೈಲು ಮಾರ್ಗ ಹಿಂದೆ ಮೀಟರ್ ಗೇಜ್ ಇತ್ತು, ಈಗ ಬ್ರಾಡ್ ಗೇಜ್. ಹಳೇ ಬೋಗಿ ಈ ಹಳಿ ಮೇಲೆ ಓಡಲ್ಲ. ಆದರೆ ಅದರೊಳಗಿನ ಸರಕನ್ನ ಹೊಸ ಬೋಗಿಗೆ ತುಂಬಬಹುದು. ಸಾಫ್ಟ್‌ವೇರ್ ಅಂದರೆ ಬೋಗಿ, ಫೈಲ್ ಅಂದರೆ ಸರಕು. ಅಂಗಡಿ ಕಂಪ್ಯೂಟರ್‌ನ ಪ್ರೊಸೆಸರ್ ಎಕ್ಸ್86 ಜಾತಿದು, ಮೊಬೈಲ್‌ದು ಎಆರ್‌ಎಂ. ಎರಡಕ್ಕೂ ಅರ್ಥವಾಗೋ ಆದೇಶಗಳೇ ಬೇರೆ.

ಒಂದೇ ಜಾತಿಯೊಳಗೂ ತೊಡಕು ಇರುತ್ತೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಸಾಮಾನ್ಯವಾಗಿ ಓಡುತ್ತೆ, 16 ಬಿಟ್‌ದು ಓಡಲ್ಲ. ಹಳೇ ಪ್ರಿಂಟರ್‌ನ 32 ಬಿಟ್ ಡ್ರೈವರ್ ಕೂಡ ನಡೆಯಲ್ಲ. ಮೊಬೈಲ್‌ನಲ್ಲೂ ಇದೇ ಕಥೆ: 2019ರ ಆಗಸ್ಟ್‌ನಿಂದ ಗೂಗಲ್ ಪ್ಲೇ ಆ್ಯಪ್‌ಗಳಿಗೆ 64 ಬಿಟ್ ಆವೃತ್ತಿ ಕಡ್ಡಾಯ ಮಾಡ್ತಾ ಬಂತು. “ಈ ಆ್ಯಪ್ ನಿಮ್ಮ ಫೋನ್‌ಗೆ ಹೊಂದಲ್ಲ” ಅಂತ ಬರೋದಕ್ಕೆ ಇಂಥವೇ ಕಾರಣ.

ಕಾಕಾ ಯಾಕೆ ಇನ್ನೂ ಎಕ್ಸ್‌ಪಿ ಇಟ್ಟುಕೊಂಡಿದ್ದರು ಗೊತ್ತಾ? ಪೇಜ್‌ಮೇಕರ್‌ಗೋಸ್ಕರ. ಅದರ ಕೊನೇ ಆವೃತ್ತಿ 7, 2001ರದ್ದು. ಅದಕ್ಕೆ ಯೂನಿಕೋಡ್ ಬರಲ್ಲ. ಲಗ್ನಪತ್ರ, ಜಾತ್ರೆ ಕರಪತ್ರದ ಹಳೇ ಮಾದರಿಗಳೆಲ್ಲ ಅದರಲ್ಲೇ ಇವೆ. ಆ ಫೈಲ್‌ಗಳನ್ನ ತೆರೆಯೋ ಸೌಲಭ್ಯ ಇನ್‌ಡಿಸೈನ್‌ನಲ್ಲಿ ಇದ್ದದ್ದು ಸಿಎಸ್6 ತನಕ ಮಾತ್ರ. ಅತ್ತ ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಹಾಗಾಗಿ ಆ ಯಂತ್ರ ಇರಲಿ, ಆದರೆ ಇಂಟರ್ನೆಟ್ ವೈರ್ ಕಿತ್ತಿಡಿ ಅಂದೆ.

ಈಗ ಅಜ್ಜನ ಆಟ ಹೇಗೆ ಉಳಿಸಿದೆವು, ಹೇಳ್ತೀನಿ. ನಿಮ್ಮ ಮನೇಲೂ ಇಂಥ ಫೈಲ್ ಇದ್ದರೆ ಉಪಯೋಗಕ್ಕೆ ಬರುತ್ತೆ.

ಮೊದಲು, ಮೂಲ ಫೈಲನ್ನ ಎರಡು ಕಡೆ ನಕಲು ಮಾಡಿ ಪಕ್ಕಕ್ಕಿಟ್ಟೆವು. ಕೆಲಸ ಎಲ್ಲ ಮೂರನೇ ನಕಲಿನ ಮೇಲೆ. ಎರಡನೇದು, ಯಾವ ಫಾಂಟ್‌ನಲ್ಲಿ ಟೈಪ್ ಆಗಿದೆ ಅಂತ ಬರೆದಿಟ್ಟುಕೊಂಡೆವು, ಯಾಕಂದರೆ ನುಡಿಯ ಸಂಖ್ಯೆಗಳೇ ಬೇರೆ ಫಾಂಟ್‌ಗಳಲ್ಲೂ ಇರುತ್ತವೆ ಅನ್ನೋ ಖಾತ್ರಿ ಇಲ್ಲ. ಮೂರನೇದು, ಪಠ್ಯವನ್ನ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿದೆವು. ಇದಕ್ಕೆ ಹಿಡಿದಿದ್ದು ಕೆಲವೇ ನಿಮಿಷ.

ಹೆಚ್ಚು ಹೊತ್ತು ಹಿಡಿದಿದ್ದು ನಾಲ್ಕನೇದು, ತಿದ್ದೋದು. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪಿತ್ತು. ನಡುವೆ ಇಂಗ್ಲಿಷ್‌ನಲ್ಲಿದ್ದ ಪದಗಳನ್ನೂ ಕನ್ವರ್ಟರ್ ಕನ್ನಡ ಅಂದುಕೊಂಡು ಕಲಸಿಬಿಟ್ಟಿತ್ತು. ಹಳೇ ಮಾನಿಟರ್ ನೋಡಿ ಕಾಕಾ ಓದಿದರು, ನಾನು ಮೊಬೈಲ್ ನೋಡಿ ತಾಳೆ ಹಾಕಿದೆ. ಅದಕ್ಕೇ ಹೇಳೋದು, ಹಳೇ ಯಂತ್ರ ಓಡ್ತಿರೋವಾಗಲೇ ಈ ಕೆಲಸ ಮುಗಿಸಿ.

“ಪಿಡಿಎಫ್ ಮಾಡಿದ್ರ ಸಾಕಿತ್ತಲ್ಲ?” ಅಂತ ತಮ್ಮ ಕೇಳಿದ. ಪಿಡಿಎಫ್ ಫಾಂಟನ್ನ ತನ್ನ ಜೊತೆಗೇ ಒಯ್ಯುತ್ತೆ, ಹಾಗಾಗಿ ನೋಡೋಕೆ ಚೆಂದ. ಆದರೆ ಒಳಗಿನ ಸಂಖ್ಯೆ ಬದಲಾಗಲ್ಲ. ಅದರಲ್ಲಿ ‘ಹುಲಿಗಿ’ ಅಂತ ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಮತ್ತೆ ಅದೇ ಗೊಜ್ಜು. ಕಣ್ಣು ಕಾಣದವರಿಗೆ ಓದಿ ಹೇಳೋ ಸಾಫ್ಟ್‌ವೇರಿಗೂ ಅದು ಕನ್ನಡ ಅಲ್ಲ. ಯೂನಿಕೋಡ್ ಮಾಡಿ, ಒಂದು ಸಾದಾ ಟೆಕ್ಸ್ಟ್ ಫೈಲ್ ಆಗಿಯೂ ಉಳಿಸಿಡಿ.

ನಿನ್ನೆ ರಾತ್ರಿ ಹುಡುಗರು ಮೊಬೈಲ್ ಹಿಡಿದುಕೊಂಡೇ ತಾಲೀಮು ಮಾಡಿದರು. ಕಾಕಾ ಒಂದು ಮಾತಿನ ಹತ್ತಿರ ನಿಲ್ಲಿಸಿ, “ಇದು ಅಪ್ಪಂದು ತಪ್ಪಲ್ಲ, ನಾ ಟೈಪ್ ಮಾಡಿದ್ದು ತಪ್ಪಾಗೈತಿ” ಅಂತ ತಿದ್ದಿಸಿದರು. ಆ ತಿದ್ದುಪಡಿ ಹತ್ತೇ ಸೆಕೆಂಡಿನಲ್ಲಿ ಗ್ರೂಪಿನ ಎಲ್ಲರ ಫೋನ್‌ಗೂ ಹೋಯ್ತು.

ನಿಮ್ಮೂರಿನ ಅಂಗಡಿಯಲ್ಲಿ ಯಾವ ಹಳೇ ಕಂಪ್ಯೂಟರ್ ಗುಜರಿಗೆ ಹೊರಟಿದೆ, ಒಮ್ಮೆ ವಿಚಾರಿಸಿ ನೋಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.