ಕಾರ್ಡು ಬರುವವರೆಗೆ: ನೋವು, ನಿಷಿದ್ಧ ಔಷಧ ಮತ್ತು ಸಬ್ರ್

ಕಳೆದ ತಿಂಗಳು ಜುಮಾ ನಮಾಝ್ ಮುಗಿದು ಜನರೆಲ್ಲ ಹೊರಟ ಮೇಲೂ ನಮ್ಮ ಜಮಾಅತಿನ ಹಿರಿಯರೊಬ್ಬರು ಮಿಂಬರಿನ ಬಳಿಯೇ ಕೂತಿದ್ದರು. ಮಾತು ಶುರು ಮಾಡಲು ಅವರಿಗೆ ಸಂಕೋಚ. ಅವರ ಮಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದಾಳೆ. ಅವಳಿಗೆ ಕ್ಯಾನ್ಸರ್. ಕಿಮೋಥೆರಪಿ ಆದ ಮೇಲೆ ನಾಲ್ಕೈದು ದಿನ ಒಂದು ಗುಟುಕು ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ವೈದ್ಯಕೀಯ ಗಾಂಜಾದ ಕಾರ್ಡಿಗೆ ಅರ್ಜಿ ಹಾಕಿ ಮೂರು ವಾರವಾಯಿತು, ಒಪ್ಪಿಗೆ ಬಂದಿಲ್ಲ.

"ಉಸ್ತಾದರೇ, ಗಾಂಜಾ ಹರಾಮ್ ಅಲ್ಲವೇ? ಅದಕ್ಕಾಗಿ ಅರ್ಜಿ ಹಾಕಿ ಕಾಯುವುದೂ ಗುನಾಹವೇ? ಇಲ್ಲ, ಅವಳು ನರಳುವುದನ್ನು ನೋಡುತ್ತಾ ಕೂರಬೇಕೇ?" ಎಂದರು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಇಲ್ಲಿಂದ ಏನಾದರೂ ಕಳುಹಿಸಿಕೊಡಬಹುದೇ?" ಎಂದೂ ಕೇಳಿದರು.

ಆ ದಿನ ಅವರಿಗೆ ಹೇಳಿದ್ದನ್ನೂ ಆಮೇಲೆ ಓದಿ, ಬಲ್ಲವರಲ್ಲಿ ವಿಚಾರಿಸಿ ತಿಳಿದದ್ದನ್ನೂ ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಅನೇಕ. ಇಂಥ ಪ್ರಶ್ನೆ ನಾಳೆ ಯಾರ ಮನೆಗೂ ಬರಬಹುದು.

ಈ ಕಾರ್ಡು ಏನು?

ಅಮೆರಿಕದಲ್ಲಿ ಕೇಂದ್ರದ ಕಾನೂನು ಬೇರೆ, ರಾಜ್ಯಗಳ ಕಾನೂನು ಬೇರೆ. 1970ರ ಕೇಂದ್ರ ಕಾನೂನು ಗಾಂಜಾವನ್ನು ಅತ್ಯಂತ ಬಿಗಿಯಾದ ಮೊದಲನೇ ಪಟ್ಟಿಗೆ ಸೇರಿಸಿತು. 1996ರಲ್ಲಿ ಕ್ಯಾಲಿಫೋರ್ನಿಯಾ ಜನಮತದ ಮೂಲಕ ರೋಗಿಗಳಿಗೆ ಅದರ ಬಳಕೆಗೆ ಅವಕಾಶ ಕೊಟ್ಟಿತು. ಆಮೇಲೆ ಒಂದೊಂದಾಗಿ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಪೆನ್ಸಿಲ್ವೇನಿಯಾದ ಕಾನೂನು ಬಂದದ್ದು 2016ರಲ್ಲಿ, ಅಲ್ಲಿ ಮಾರಾಟ ಶುರುವಾದದ್ದು 2018ರಲ್ಲಿ.

ಕೇಂದ್ರದ ಕಾನೂನು ಅಡ್ಡವಿರುವುದರಿಂದ ವೈದ್ಯರು ಗಾಂಜಾಕ್ಕೆ ಬೇರೆ ಔಷಧಗಳಂತೆ ಚೀಟಿ ಬರೆಯುವುದಿಲ್ಲ. ಈ ರೋಗಿಗೆ ಕಾನೂನು ಹೇಳಿದ ಕಾಯಿಲೆಗಳಲ್ಲಿ ಒಂದಿದೆ ಎಂದು ದೃಢಪತ್ರ ಮಾತ್ರ ಕೊಡುತ್ತಾರೆ. ಅದರ ಮೇಲೆ ರಾಜ್ಯದ ಆರೋಗ್ಯ ಇಲಾಖೆ ಗುರುತಿನ ಕಾರ್ಡು ಕೊಡುತ್ತದೆ. ಕಾರ್ಡು ತೋರಿಸಿದರೆ ಮಾತ್ರ ಪರವಾನಗಿ ಇರುವ ಅಂಗಡಿಯಲ್ಲಿ ಔಷಧ ಸಿಗುತ್ತದೆ. ಕ್ಯಾನ್ಸರ್ ಆ ಪಟ್ಟಿಯಲ್ಲಿದೆ. ಕಾರ್ಡಿನ ಶುಲ್ಕ ವರ್ಷಕ್ಕೆ 50 ಡಾಲರ್, ವೈದ್ಯರ ಶುಲ್ಕ ಬೇರೆ. ಮಾತ್ರೆ, ಎಣ್ಣೆ, ದ್ರವ, ಮುಲಾಮುಗಳಿಗೆ ಅಲ್ಲಿ ಅವಕಾಶವಿದೆ, ಬೀಡಿಯಂತೆ ಹಚ್ಚಿ ಸೇದಲು ಇಲ್ಲ. ಎಲ್ಲ ರಾಜ್ಯಗಳ ನಿಯಮವೂ ಒಂದೇ ಅಲ್ಲ. ಟೆಕ್ಸಾಸ್‌ನಲ್ಲಿ ಕಾರ್ಡೇ ಇಲ್ಲ, ವೈದ್ಯರೇ ರಾಜ್ಯದ ದಾಖಲೆಯಲ್ಲಿ ರೋಗಿಯ ಹೆಸರು ಸೇರಿಸುತ್ತಾರೆ. ಆದ್ದರಿಂದ ಬೇರೆ ರಾಜ್ಯದ ಸ್ನೇಹಿತರ ಅನುಭವ ಕೇಳಿ ನಿರ್ಧರಿಸಬಾರದು.

ಇದರಿಂದ ನಿಜಕ್ಕೂ ಉಪಯೋಗವಿದೆಯೇ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಪ್ರಕಟಿಸಿದ ವರದಿಯು ಕಿಮೋಥೆರಪಿಯ ವಾಂತಿಗೆ ಬಾಯಿಯ ಮೂಲಕ ಕೊಡುವ ಈ ಬಗೆಯ ಔಷಧಗಳು ಪರಿಣಾಮಕಾರಿ ಎಂದಿದೆ. ವಯಸ್ಕರ ದೀರ್ಘಕಾಲದ ನೋವಿಗೂ ಬಲವಾದ ಆಧಾರವಿದೆ ಎಂದಿದೆ. ಇದು ವಾಂತಿಗೂ ನೋವಿಗೂ ಸಂಬಂಧಿಸಿದ ಮಾತು. ಗಾಂಜಾ ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶಗಳನ್ನು ನಂಬಿ ಯಾರೂ ಚಿಕಿತ್ಸೆ ಬಿಡಬಾರದು.

ಒಪ್ಪಿಗೆ ಏಕೆ ತಡವಾಗುತ್ತದೆ?

ಪೆನ್ಸಿಲ್ವೇನಿಯಾದಲ್ಲಿ ಮೊದಲು ರೋಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ನಂತರ ರಾಜ್ಯದ ಮಾನ್ಯತೆ ಪಡೆದ ವೈದ್ಯರು ದೃಢಪತ್ರ ಹಾಕಬೇಕು. ಆಮೇಲೆ ಶುಲ್ಕ ಕಟ್ಟಬೇಕು. ಅಷ್ಟಾದ ಮೇಲೆ ಕಾರ್ಡು ಅಂಚೆಯಲ್ಲಿ ಬರುತ್ತದೆ. ಈ ನಾಲ್ಕರಲ್ಲಿ ಒಂದು ನಿಂತರೂ ಎಲ್ಲವೂ ನಿಲ್ಲುತ್ತದೆ.

ನಮ್ಮವರಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ತಿಳಿದಿಲ್ಲ ಎಂದು ಬರುತ್ತದೆ. ಒಂದು ಕಡೆ ತಂದೆಯ ಹೆಸರು ಸೇರಿರುತ್ತದೆ, ಇನ್ನೊಂದು ಕಡೆ ಬರೀ ಇನಿಷಿಯಲ್. ಡ್ರೈವಿಂಗ್ ಲೈಸೆನ್ಸಿನ ಹೆಸರಿಗೂ ವೈದ್ಯರು ಬರೆದ ಹೆಸರಿಗೂ ಹೊಂದದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಜನ. ಹಿರಿಯರ ಮಗಳ ವಿಷಯದಲ್ಲೂ ಆದದ್ದು ಇದೇ. ಮೂರು ವಾರ ಇಲಾಖೆಯನ್ನು ಬೈದುಕೊಂಡು ಕಾದರು. ಫೋನ್ ಮಾಡಿ ಕೇಳಿದಾಗ ವೈದ್ಯರ ದೃಢಪತ್ರ ಅವಳ ಅರ್ಜಿಗೆ ಸೇರಿರಲೇ ಇಲ್ಲ ಎಂದು ಗೊತ್ತಾಯಿತು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಹೆಸರು, ಜನ್ಮ ದಿನಾಂಕ, ವಿಳಾಸ, ಶುಲ್ಕದ ರಸೀದಿ ಈ ನಾಲ್ಕನ್ನೂ ಮೊದಲ ವಾರದಲ್ಲೇ ಪರೀಕ್ಷಿಸಬೇಕು.

ದೀನ್ ಏನು ಹೇಳುತ್ತದೆ?

ಮತ್ತು ಬರಿಸುವ ವಸ್ತುವನ್ನು ಸುಖಕ್ಕಾಗಿ ಸೇವಿಸುವುದು ಹರಾಮ್. ಇದರಲ್ಲಿ ಎರಡು ಮಾತಿಲ್ಲ. ಸೂರಃ ಅಲ್ ಮಾಇದಃದ 90 ಮತ್ತು 91ನೇ ಸೂಕ್ತಗಳು ಮದ್ಯವನ್ನು ಶೈತಾನನ ಕೆಲಸಗಳ ಸಾಲಿಗೆ ಸೇರಿಸಿವೆ. ಮತ್ತು ಬರಿಸುವ, ಮಂಕು ಕವಿಸುವ ವಸ್ತುಗಳನ್ನು ಪ್ರವಾದಿ(ಸ) ತಡೆದರೆಂದು ಉಮ್ಮು ಸಲಮಾ(ರ) ವರದಿ ಮಾಡಿದ್ದು ಅಬೂದಾವೂದ್‌ನಲ್ಲಿದೆ. ಮದ್ಯವನ್ನು ಔಷಧಕ್ಕಾಗಿ ತಯಾರಿಸುವುದಾಗಿ ಹೇಳಿದವರಿಗೆ ಅದು ಔಷಧವಲ್ಲ, ರೋಗ ಎಂದು ಪ್ರವಾದಿ(ಸ) ತಿಳಿಸಿದ ಹದೀಸ್ ಮುಸ್ಲಿಮ್‌ನಲ್ಲಿದೆ. ಕೆಲವು ಉಲಮಾಗಳು ಇದನ್ನೇ ಹಿಡಿದು ಬಿಗಿಯಾಗಿ ನಿಲ್ಲುತ್ತಾರೆ. ಅವರ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದು.

ಅದರ ಜೊತೆಗೆ ಇನ್ನೊಂದು ಬದಿಯನ್ನೂ ನೋಡಬೇಕು. ಹಸಿವಿನಿಂದ ಗತಿಯಿಲ್ಲದೆ ನಿಷಿದ್ಧ ಆಹಾರ ತಿಂದವನ ಮೇಲೆ, ಅವನಿಗೆ ಅದರಲ್ಲಿ ಆಸೆ ಇಲ್ಲದಿದ್ದರೆ ಮತ್ತು ಅವನು ಮಿತಿ ಮೀರದಿದ್ದರೆ, ದೋಷವಿಲ್ಲವೆಂದು ಸೂರಃ ಅಲ್ ಬಕರಃದ 173ನೇ ಸೂಕ್ತದಿಂದ ತಿಳಿಯುತ್ತದೆ. ಗಂಡಸರಿಗೆ ರೇಷ್ಮೆ ನಿಷಿದ್ಧ. ಆದರೂ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್(ರ) ಅವರಿಗೆ ಮೈ ತುರಿಕೆ ಇದ್ದಾಗ ಪ್ರವಾದಿ(ಸ) ರೇಷ್ಮೆ ಧರಿಸಲು ಅನುಮತಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕೊಳೆತ ಕೈಯನ್ನು ಕತ್ತರಿಸಬೇಕಾದಾಗ, ಪಾನೀಯವಲ್ಲದ, ಪ್ರಜ್ಞೆ ತಪ್ಪಿಸುವ ವಸ್ತುವನ್ನು ಕೊಡಬಹುದೇ ಎಂಬುದನ್ನು ಇಮಾಮ್ ನವವಿ ಚರ್ಚಿಸಿ, ಕೊಡಬಹುದೆಂಬ ಅಭಿಪ್ರಾಯವೇ ಹೆಚ್ಚು ಸರಿ ಎಂದಿದ್ದಾರೆ. ಇಂದು ಆಪರೇಷನ್‌ಗೆ ಮುಂಚೆ ಅರಿವಳಿಕೆ ಪಡೆಯುವಾಗ ನಮಗೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ಲವೇ?

ಅನುಮತಿ ಕೊಡುವ ಉಲಮಾಗಳು ಹೇಳುವ ಶರತ್ತುಗಳು ನಾಲ್ಕು. ಕಾಯಿಲೆ ಅಥವಾ ನೋವು ನಿಜವಾಗಿಯೂ ತೀವ್ರವಾಗಿರಬೇಕು. ಅದೇ ಕೆಲಸ ಮಾಡುವ ಹಲಾಲ್ ಔಷಧ ಸಿಗದಿರಬೇಕು, ಇಲ್ಲವೇ ಕೊಟ್ಟು ನೋಡಿಯೂ ಫಲ ಸಿಗದಿರಬೇಕು. ನಂಬಿಕಸ್ತ, ನುರಿತ ವೈದ್ಯರ ಸಲಹೆ ಇರಬೇಕು. ಅಗತ್ಯಕ್ಕಿಂತ ಒಂದು ತೊಟ್ಟೂ ಹೆಚ್ಚಾಗಬಾರದು, ಅಗತ್ಯ ತೀರಿದ ದಿನ ಅನುಮತಿಯೂ ತೀರುತ್ತದೆ. ನಿಮ್ಮ ಮದ್‌ಹಬಿನ ಉಲಮಾರಲ್ಲಿ ರೋಗಿಯ ಪೂರ್ಣ ಸ್ಥಿತಿ ಹೇಳಿ ಫತ್ವಾ ಕೇಳಿ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಕಾಯುವ ದಿನಗಳಲ್ಲಿ

ಎರಡನೇ ಶರತ್ತನ್ನು ಪೂರೈಸುವ ಸಮಯವೇ ಈ ಕಾಯುವ ಸಮಯ. ಅನೇಕರು ಕಾರ್ಡಿಗೆ ಅರ್ಜಿ ಹಾಕಿದ ಸಂಗತಿಯನ್ನು ನಾಚಿಕೆಯಿಂದ ಕ್ಯಾನ್ಸರ್ ವೈದ್ಯರಿಗೇ ಹೇಳುವುದಿಲ್ಲ. ಅದು ತಪ್ಪು. ವಾಂತಿ ನಿಲ್ಲಿಸಲು ಒಂಡಾನ್‌ಸೆಟ್ರಾನ್, ಒಲಾನ್ಝಪೀನ್ ಮುಂತಾದ ಔಷಧಗಳಿವೆ. ಒಂದರಿಂದ ಆಗದಿದ್ದರೆ ವೈದ್ಯರು ಇನ್ನೊಂದನ್ನು ಸೇರಿಸುತ್ತಾರೆ. ಅದೂ ಸಾಲದಿದ್ದರೆ ಡ್ರೊನಾಬಿನಾಲ್ ಎಂಬ ಕ್ಯಾಪ್ಸೂಲ್ ಇದೆ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ ಔಷಧ ಅದು. 1985ರಲ್ಲೇ ಅಮೆರಿಕದ ಔಷಧ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಕಾರ್ಡು ಬೇಡ, ವೈದ್ಯರ ಚೀಟಿ ಸಾಕು. ಅದರಿಂದಲೂ ಮಂಪರು ಬರಬಹುದು, ಆದ್ದರಿಂದ ಮೇಲಿನ ಶರತ್ತುಗಳು ಅದಕ್ಕೂ ಇವೆ. ಆದರೆ ಅಳತೆ ಖಚಿತ, ಕಾನೂನಿನ ಗೊಂದಲವಿಲ್ಲ.

ಹಿರಿಯರ ಮಗಳು ಕೊನೆಗೆ ಧೈರ್ಯ ಮಾಡಿ ತನ್ನ ವೈದ್ಯೆಗೆ ಹೇಳಿದಳು. ವೈದ್ಯೆ ಔಷಧ ಬದಲಿಸಿದರು. ಮುಂದಿನ ಕಿಮೋಥೆರಪಿಯ ನಂತರ ಎರಡನೇ ದಿನವೇ ಸ್ವಲ್ಪ ಗಂಜಿ ನಿಂತಿತಂತೆ.

ಇವನ್ನು ಮಾಡಬೇಡಿ

ಪಕ್ಕದ ನ್ಯೂಜೆರ್ಸಿಯಲ್ಲಿ 21 ವರ್ಷ ದಾಟಿದ ಯಾರಿಗಾದರೂ ಗಾಂಜಾ ಮಾರಲು 2022ರಿಂದ ಅವಕಾಶವಿದೆ. ಕಾರಿನಲ್ಲಿ ಹೋಗಿ ತಂದರಾಯಿತು ಎಂದು ಅಳಿಯ ಯೋಚಿಸಿದ್ದನಂತೆ. ರಾಜ್ಯದ ಗಡಿ ದಾಟಿಸಿದರೆ ಅದು ಕೇಂದ್ರ ಕಾನೂನಿನ ಅಪರಾಧ. ಪೌರತ್ವ ಸಿಗದವರಿಗೆ ಇನ್ನೂ ದೊಡ್ಡ ಅಪಾಯವಿದೆ. ರಾಜ್ಯದ ಕಾನೂನಿನಲ್ಲಿ ಸರಿಯಿದ್ದರೂ ಗಾಂಜಾದ ಬಳಕೆ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿದೆ. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರು ಅರ್ಜಿ ಹಾಕುವ ಮುಂಚೆಯೇ ವಲಸೆ ವಕೀಲರನ್ನು ಕಾಣಬೇಕು.

ಇಲ್ಲಿಂದ ಕಳುಹಿಸುವ ಯೋಚನೆಯಂತೂ ಬೇಡವೇ ಬೇಡ. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂ ಮತ್ತು ಕಾಯಿ ಬಿಟ್ಟ ತುದಿಯನ್ನು ಗಾಂಜಾ ಎನ್ನುತ್ತದೆ. ತುದಿ ಸೇರದ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಹಾಗಾಗಿ ಆಯುಷ್ ಪರವಾನಗಿಯಲ್ಲಿ ಎಲೆಯ ಎಣ್ಣೆ ಇಲ್ಲಿ ಮಾರಾಟವಾಗುತ್ತದೆ. ಇಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದನ್ನು ಪಾರ್ಸೆಲ್ ಮಾಡಬಹುದು ಎಂದಲ್ಲ. ತಂದೆಯ ಪ್ರೀತಿ ಕಸ್ಟಮ್ಸ್ ಅಧಿಕಾರಿಯ ಕಡತದಲ್ಲಿ ಬರೆದಿರುವುದಿಲ್ಲ. ಹಾಗೆಯೇ ಕಾರ್ಡು ಸಿಕ್ಕವರು ಊರಿಗೆ ಬರುವಾಗ ಔಷಧ ಬ್ಯಾಗಿನಲ್ಲಿ ತರಬಾರದು. ದುಬೈ, ದೋಹಾ ದಾರಿಯಾಗಿ ಬರುವವರಿಗೆ ಆ ಕಾರ್ಡು ಅಲ್ಲಿ ಒಂದು ಪ್ಲಾಸ್ಟಿಕ್ ತುಂಡು ಅಷ್ಟೆ. ಕೊಲ್ಲಿ ದೇಶಗಳಲ್ಲಿ ಇದರ ಶಿಕ್ಷೆ ಬಹಳ ಕಠಿಣ.

ಕಾರ್ಡು ಬಂದ ಮೇಲೆ

ಜಿಲೆಟಿನ್ ಯಾವುದರದ್ದು, ದ್ರವದಲ್ಲಿ ಆಲ್ಕೋಹಾಲ್ ಇದೆಯೇ ಎಂದು ಕೇಳಿ. ಅಂಗಡಿಯಲ್ಲಿರುವ ಔಷಧತಜ್ಞರು ಹೇಳುತ್ತಾರೆ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಔಷಧ ಸೇವಿಸಿ ವಾಹನ ಓಡಿಸಬೇಡಿ.

ಅಮಲಿನಲ್ಲಿರುವಾಗ, ಆಡುವ ಮಾತಿನ ಅರಿವು ಬರುವವರೆಗೆ ನಮಾಝ್‌ಗೆ ಹತ್ತಿರವಾಗಬಾರದೆಂದು ಸೂರಃ ಅನ್ನಿಸಾದ 43ನೇ ಸೂಕ್ತ ಎಚ್ಚರಿಸುತ್ತದೆ. ಹಾಗೆಂದು ಔಷಧದ ನೆಪದಲ್ಲಿ ನಮಾಝ್ ಬಿಡುವುದಲ್ಲ, ನಮಾಝ್‌ಗೆ ತಕ್ಕಂತೆ ಔಷಧದ ಹೊತ್ತನ್ನು ಹೊಂದಿಸುವುದು. ವೈದ್ಯರು ಒಪ್ಪಿದರೆ ಇಷಾ ನಂತರ ಸೇವಿಸಿದರೆ ಫಜ್ರ್ ಹೊತ್ತಿಗೆ ಮನಸ್ಸು ತಿಳಿಯಾಗಿರಬಹುದು. ನಿಲ್ಲಲಾಗದಿದ್ದರೆ ಕೂತು, ಕೂರಲಾಗದಿದ್ದರೆ ಮಲಗಿ ನಮಾಝ್ ಮಾಡಲು ರೋಗಿಗೆ ಅವಕಾಶವಿದೆ.

ನಮ್ಮೂರಿನ ಮಾತು

ಕರ್ನಾಟಕದಲ್ಲಿ ಇಂಥ ಕಾರ್ಡು ಇಲ್ಲ. ಆದರೆ ಕ್ಯಾನ್ಸರ್ ನೋವಿನಿಂದ ರಾತ್ರಿಯಿಡೀ ನರಳುವವರು ನಮ್ಮ ಮೊಹಲ್ಲಾಗಳಲ್ಲಿಯೂ ಇದ್ದಾರೆ. ಅವರಿಗೆ ಬೇಕಾದದ್ದು ಮಾರ್ಫಿನ್. ಅದೂ ಮಾದಕ ವಸ್ತುವೇ. ಹಿಂದೆ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿ ಪಡೆಯಬೇಕಿತ್ತು. 2014ರ ತಿದ್ದುಪಡಿಯ ನಂತರ ನಿಯಮ ಸರಳವಾಗಿದೆ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಕೊಡಬಹುದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ. ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಉಚಿತ. "ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತದೆ, ಈಮಾನ್ ಹೋಗುತ್ತದೆ" ಎಂದು ಮನೆಯವರೇ ತಡೆಯುವುದನ್ನು ಕಂಡಿದ್ದೇನೆ. ಅದು ತಖ್ವಾ ಅಲ್ಲ, ತಿಳಿವಳಿಕೆಯ ಕೊರತೆ.

ಸಬ್ರ್ ಎಂದರೆ

ನೋವನ್ನು ಸುಮ್ಮನೆ ಸಹಿಸುವುದೇ ಸಬ್ರ್ ಎಂದು ನಾವು ತಿಳಿದುಕೊಂಡಿದ್ದೇವೆ. ಚಿಕಿತ್ಸೆ ಪಡೆಯಿರಿ, ಮುಪ್ಪಿನ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಹೇಳಿದ್ದಾರೆ. ಮದ್ದು ಹುಡುಕುವುದೂ ಸಬ್ರ್‌ನ ಭಾಗವೇ. ಕೈಗೆ ಸಿಗುವ ಕಳ್ಳದಾರಿ ಬಿಟ್ಟು ನೇರ ದಾರಿಯಲ್ಲಿ ಕಾಯುವುದೂ ಸಬ್ರ್. ರೋಗಿಯ ಬಳಿ ಕೂತವರು "ಹರಾಮ್ ಕೇಳುತ್ತಿದ್ದಾಳೆ" ಎಂದು ಹಂಗಿಸದೆ ಬಾಯಿ ಬಿಗಿಹಿಡಿಯುವುದು ಇನ್ನೂ ದೊಡ್ಡ ಸಬ್ರ್.

ಇದನ್ನು ಬರೆಯುವ ಹೊತ್ತಿಗೂ ಆ ಕಾರ್ಡು ಬಂದಿಲ್ಲ. ಹೆಸರು ತಿದ್ದಿ ಮತ್ತೆ ಕಳುಹಿಸಿದ್ದಾರೆ. ವಕೀಲರನ್ನೂ ಕಂಡಿದ್ದಾರೆ. ಈಗಿನ ಔಷಧದಲ್ಲೇ ಸಾಕಾದರೆ ಕಾರ್ಡು ಬಂದರೂ ಬಳಸುವುದಿಲ್ಲ ಎಂದು ಮಗಳೇ ಹೇಳಿದಳಂತೆ. ಹಿರಿಯರು ಪ್ರತಿದಿನ ಫಜ್ರ್ ನಂತರ ಅವಳಿಗೆ ಫೋನ್ ಮಾಡುತ್ತಾರೆ. ಅಲ್ಲಿ ಆಗ ರಾತ್ರಿ. "ಇವತ್ತು ಏನು ತಿಂದೆ ಮಗಳೇ?" ಎಂದು ಮಾತ್ರ ಕೇಳುತ್ತಾರೆ.

ಅಲ್ಲಾಹನು ಅವಳಿಗೂ, ನೋವಿನಲ್ಲಿರುವ ಎಲ್ಲರಿಗೂ ಸಂಪೂರ್ಣ ಶಿಫಾ ನೀಡಲಿ. ಅವರ ಸೇವೆ ಮಾಡುವವರಿಗೆ ಶಕ್ತಿ ಕೊಡಲಿ. ಆಮೀನ್.