ಎಂಟನೇ ಹರ್ಡಲ್‌ನ ಮುಂದೆ

ಉಡುಪಿಯ ಅಜ್ಜರಕಾಡು ಮೈದಾನ. ಬೆಳಿಗ್ಗೆ ಆರೂವರೆ. ಪಿಯುಸಿ ಓದುವ ಹುಡುಗಿಯೊಬ್ಬಳು 400 ಮೀಟರ್ ಹರ್ಡಲ್ಸ್ ಅಭ್ಯಾಸ ಮಾಡುತ್ತಿದ್ದಳು. ಏಳು ಹರ್ಡಲ್ ಸಲೀಸಾಗಿ ದಾಟಿದಳು. ಎಂಟನೆಯದರ ಮುಂದೆ ಹೆಜ್ಜೆ ತಡವರಿಸಿತು, ಹಿಂದಿನ ಕಾಲು ಪಟ್ಟಿಗೆ ಬಡಿದು ಹರ್ಡಲ್ ಮಗುಚಿತು.

“ಎಂತ ಮಾರಾಯ್ತಿ, ಏಳರ ತನಕ ಎಷ್ಟು ಚಂದ ಇತ್ತು!” ಎಂದರು ಕೋಚ್.

“ಕಾಲು ಬರ್ತಾ ಇಲ್ಲ ಸರ್.”

ಆ ಮಾತಿನ ಹಿಂದೆ ಒಂದು ಲೆಕ್ಕವಿದೆ. ಮಹಿಳೆಯರ ಈ ಸ್ಪರ್ಧೆಯಲ್ಲಿ 76.2 ಸೆಂಟಿಮೀಟರ್ ಎತ್ತರದ ಹತ್ತು ಹರ್ಡಲ್‌ಗಳು. ಮೊದಲನೆಯದಕ್ಕೆ 45 ಮೀಟರ್ ಓಟ, ಒಂದರಿಂದ ಇನ್ನೊಂದಕ್ಕೆ 35 ಮೀಟರ್, ಕೊನೆಯದರಿಂದ ಗೆರೆಗೆ 40. ನೆಗೆತದ ಜಾಗ ಕಳೆದರೆ ಎರಡು ಹರ್ಡಲ್‌ಗಳ ನಡುವೆ ಓಡಲು ಉಳಿಯುವುದು ಸುಮಾರು 32 ಮೀಟರ್. ಹದಿನೈದು ಹೆಜ್ಜೆಯಲ್ಲಿ ಮುಗಿಸಬೇಕಾದರೆ ಒಂದೊಂದು ಹೆಜ್ಜೆಯೂ ಎರಡು ಮೀಟರಿಗಿಂತ ಉದ್ದವಿರಬೇಕು. ಸುಸ್ತಾಗಿ ಪ್ರತಿ ಹೆಜ್ಜೆ ಹತ್ತೇ ಸೆಂಟಿಮೀಟರ್ ಕುಗ್ಗಿತು ಎಂದುಕೊಳ್ಳಿ. ಹದಿನೈದು ಹೆಜ್ಜೆಗೆ ಒಂದೂವರೆ ಮೀಟರ್ ಕೊರತೆ! ಆಗ ಹದಿನಾರನೇ ಹೆಜ್ಜೆ ಇಡಲೇಬೇಕು. ಇಟ್ಟರೆ ನೆಗೆಯುವ ಕಾಲು ಅದಲುಬದಲಾಗುತ್ತದೆ. ಎರಡೂ ಕಾಲಿನಲ್ಲಿ ನೆಗೆಯಲು ಕಲಿಯದವರು ಎಡವುವುದು ಇಲ್ಲೇ.

ಕಾಲು ಸೋಲುವುದಾದರೂ ಯಾಕೆ? ಸ್ನಾಯುವಿನಲ್ಲಿ ಸಿದ್ಧವಾಗಿರುವ ಫಾಸ್ಫೋಕ್ರಿಯೇಟಿನ್ ಎಂಬ ದಾಸ್ತಾನು ಹತ್ತು ಸೆಕೆಂಡಿನ ಆಸುಪಾಸಿಗೆ ಬಹುಪಾಲು ಮುಗಿಯುತ್ತದೆ. ಮುಂದೆ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆದು ಶಕ್ತಿ ತೆಗೆಯುವ ಕೆಲಸವೇ ಹೆಚ್ಚು, ಉಸಿರಿನ ಪಾಲು ನಿಧಾನವಾಗಿ ಏರುತ್ತದೆ. ‘ಲ್ಯಾಕ್ಟಿಕ್ ಆಸಿಡ್ ತುಂಬಿತು’ ಎಂಬ ಮಾತು ಎಲ್ಲ ಮೈದಾನಗಳಲ್ಲೂ ಕೇಳುತ್ತದೆ. ಪಾಪ, ಲ್ಯಾಕ್ಟೇಟ್ ಮೇಲೆ ಸಲ್ಲದ ಆರೋಪ ಅದು. ಹೃದಯದ ಸ್ನಾಯು ಅದನ್ನು ಇಂಧನವಾಗಿಯೇ ಉರಿಸಿಕೊಳ್ಳುತ್ತದೆ. ಸೋಲಿಗೆ ಮುಖ್ಯ ಕಾರಣ ಜೀವಕೋಶದೊಳಗೆ ಶೇಖರವಾಗುವ ಫಾಸ್ಫೇಟ್ ಮತ್ತು ಹೈಡ್ರೋಜನ್ ಅಯಾನುಗಳು. ಇವು ಸ್ನಾಯುವನ್ನು ಬಿಗಿಯುವ ಕ್ಯಾಲ್ಸಿಯಂನ ಕೆಲಸಕ್ಕೆ ಅಡ್ಡಿಮಾಡುತ್ತವೆ. ಮನಸ್ಸು ಓಡು ಎನ್ನುತ್ತದೆ, ಕಾಲು ಕೇಳುವುದಿಲ್ಲ.

ಈ ಸೋಲನ್ನು ತುಸು ಮುಂದಕ್ಕೆ ತಳ್ಳುವುದೇ ತರಬೇತಿ. ಕಾಪು ಕಡಲ ತೀರದ ಸಡಿಲ ಮರಳಿನಲ್ಲಿ ಓಡಿ ನೋಡಿ. ಗಟ್ಟಿ ನೆಲದಲ್ಲಿ ಬೇಕಾಗುವುದರ ಸುಮಾರು 1.6 ಪಟ್ಟು ಶಕ್ತಿ ಅಲ್ಲಿ ಬೇಕು. ಒತ್ತಿದ ಪಾದದ ಬಲವನ್ನು ಮರಳು ನುಂಗುತ್ತದೆ, ವಾಪಸು ಕೊಡುವುದಿಲ್ಲ. ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲಾಗಲಿ, ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ಏರಾಗಲಿ ಕೇಳುವ ಶ್ರಮ ಬೇರೆ ಬಗೆಯದು. ಅಲ್ಲಿ ದೇಹದ ಇಡೀ ತೂಕವನ್ನು ಪ್ರತಿ ಹೆಜ್ಜೆಗೂ ಮೇಲೆತ್ತಬೇಕು.

ಇದೇ ಜಿಲ್ಲೆಯಲ್ಲಿ, ಘಟ್ಟದ ಬುಡದ ಸಿದ್ದಾಪುರದಲ್ಲಿ 1987ರಲ್ಲಿ ಹುಟ್ಟಿದವರು ಹರ್ಡಲ್ಸ್ ಓಟಗಾರ್ತಿ ಅಶ್ವಿನಿ ಅಕ್ಕುಂಜಿ. 2010ರ ಅಕ್ಟೋಬರ್ 12ರಂದು ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ 4×400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿ ಮೂರನೆಯವರಾಗಿ ಬೇಟನ್ ಹಿಡಿದು ಓಡಿದ್ದು ಅವರೇ. ಮಂಜಿತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆಗಾರ್ತಿಯರು, ಸಮಯ 3 ನಿಮಿಷ 27.77 ಸೆಕೆಂಡ್. ಮಿಲ್ಖಾ ಸಿಂಗ್ 1958ರಲ್ಲಿ ಗೆದ್ದ ಮೇಲೆ ಆ ಕೂಟದ ಓಟದ ಟ್ರ್ಯಾಕಿನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ನವೆಂಬರ್ 25ರಂದು ಚೀನಾದ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 56.15 ಸೆಕೆಂಡಿನಲ್ಲಿ ಮುಗಿಸಿ ಇನ್ನೊಂದು ಚಿನ್ನ, ರಿಲೇಯಲ್ಲಿ ಮತ್ತೊಂದು. ಸೆಕೆಂಡಿಗೆ ಏಳು ಮೀಟರಿಗೂ ಮಿಕ್ಕಿದ ವೇಗ, ಅದೂ ಹತ್ತು ತಡೆ ದಾಟಿಕೊಂಡು. ಆಗ ಅವರಿಗೆ 23 ವರ್ಷ. ಕುಂದಾಪುರದ ಕಡೆಯವರಾದ ನಮಗೆಲ್ಲ ಆಗ ಆದ ಹಿಗ್ಗು ಇವತ್ತಿಗೂ ಆರಿಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ ಬರಸಿಡಿಲು. ಅಶ್ವಿನಿಯೂ ಸೇರಿ ಹಲವು ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೆರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕ ತೆಗೆದುಕೊಂಡಿದ್ದೆವು, ಅದರಲ್ಲೇ ಕಲಬೆರಕೆ ಇತ್ತು ಎಂಬುದು ಅವರ ವಾದ. ತಂಡದ ಕೋಚ್ ಉಕ್ರೇನಿನ ಯೂರಿ ಒಗೊರೊಡ್ನಿಕ್ ಅವರನ್ನು ಜುಲೈಯಲ್ಲಿ ಕೆಲಸದಿಂದ ತೆಗೆಯಲಾಯಿತು. ಭಾರತದ ಶಿಸ್ತು ಸಮಿತಿ ಓಟಗಾರ್ತಿಯರಿಗೆ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯಿತು. 2012ರ ಜುಲೈಯಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಅದೇ 2011ರಲ್ಲಿ ಉಕ್ರೇನಿನ ಒಬ್ಬ ಕ್ರೀಡಾಪಟುವಿಗೂ ಹೀಗೇ ಆಯಿತು. ಒಕ್ಸಾನಾ ಖ್ವೊಸ್ಟೆಂಕೊ ಬಯಾಥ್ಲಾನ್ ಆಟಗಾರ್ತಿ. ಹಿಮದ ಮೇಲೆ ಸ್ಕೀ ಮಾಡಿ, ಎದೆ ಡವಗುಟ್ಟುತ್ತಿರುವಾಗಲೇ ನಿಂತು, ಮಲಗಿ, 50 ಮೀಟರ್ ದೂರದ ಗುರಿಗೆ ಗುಂಡು ಹೊಡೆಯುವ ಆಟ ಅದು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್ ಮಾತ್ರ. ಹರ್ಡಲ್ಸ್‌ನಂತೆ ಇಲ್ಲೂ ದಣಿದ ಮೈಯಿಂದಲೇ ಕರಾರುವಾಕ್ಕು ಕೆಲಸ ತೆಗೆಯಬೇಕು. ರಷ್ಯಾದ ಖಾಂತಿ-ಮಾನ್ಸಿಸ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆಯ ಮಾದರಿಯಲ್ಲಿ ಎಫೆಡ್ರಿನ್ ಸಿಕ್ಕಿತು. ಶೀತ, ಕೆಮ್ಮಿನ ಔಷಧಗಳಲ್ಲಿ ಬಳಕೆಯಾಗುವ ವಸ್ತು ಅದು. ಒಂದು ವರ್ಷ ನಿಷೇಧ. ಉಕ್ರೇನ್ ವನಿತೆಯರ ರಿಲೇ ತಂಡ ಗೆದ್ದಿದ್ದ ಬೆಳ್ಳಿಯೂ ಹೋಯಿತು. ಉಳಿದ ಮೂವರ ತಪ್ಪೇನು ಎಂದು ನನಗೆ ಸಂಕಟವಾಗುತ್ತದೆ. ನಿಯಮ ಮಾತ್ರ ಖಡಾಖಂಡಿತ: ಮೈಯೊಳಗೆ ಸಿಕ್ಕಿದ್ದಕ್ಕೆ ಆ ಮೈಯವರೇ ಹೊಣೆ.

ಪೂರಕಗಳ ಕಲಬೆರಕೆ ಬರೀ ನೆಪವಲ್ಲ. 2000–01ರಲ್ಲಿ ಜರ್ಮನಿಯ ಕಲೋನ್ ಪ್ರಯೋಗಾಲಯ ಹಲವು ದೇಶಗಳ ಅಂಗಡಿಗಳಿಂದ ತರಿಸಿದ 634 ಪೂರಕಗಳನ್ನು ಪರೀಕ್ಷಿಸಿತ್ತು. 94ರಲ್ಲಿ, ಅಂದರೆ ಶೇ. 14.8ರಷ್ಟರಲ್ಲಿ, ಲೇಬಲ್ಲಿನಲ್ಲಿ ಹೇಳದ ಸ್ಟೆರಾಯ್ಡ್ ಹಾರ್ಮೋನುಗಳಿದ್ದವು.

ಸ್ಟೆರಾಯ್ಡ್ ಮಾಡುವುದೇನು? ಸ್ನಾಯುವಿನ ಎಳೆ ಒಂದು ಉದ್ದನೆಯ ಜೀವಕೋಶ, ಅದರೊಳಗೆ ಬೀಜಕೇಂದ್ರಗಳು ನೂರಾರು. ಸ್ಟೆರಾಯ್ಡ್ ಅಲ್ಲಿ ಪ್ರೋಟೀನ್ ತಯಾರಿಕೆಯನ್ನು ಚುರುಕುಗೊಳಿಸುತ್ತದೆ, ಅಕ್ಕಪಕ್ಕದ ಮರಿಕೋಶಗಳು ಬೆಸೆದು ಹೊಸ ಬೀಜಕೇಂದ್ರಗಳು ಸೇರುತ್ತವೆ. ಹೆಣ್ಣುಮಕ್ಕಳಿಗೆ ತೆರಬೇಕಾದ ಬೆಲೆಯೂ ಇದೆ: ಧ್ವನಿ ಗಡುಸಾಗುವುದು, ಮುಟ್ಟು ಏರುಪೇರಾಗುವುದು, ಯಕೃತ್ತಿಗೆ ಪೆಟ್ಟು. ಓಸ್ಲೋ ವಿಶ್ವವಿದ್ಯಾಲಯದವರು 2013ರಲ್ಲಿ ಇಲಿಗಳಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಸ್ಟೆರಾಯ್ಡ್ ನಿಲ್ಲಿಸಿದ ಮೇಲೆ ಸ್ನಾಯು ಇಳಿದರೂ ಹೊಸ ಬೀಜಕೇಂದ್ರಗಳು ಮೂರು ತಿಂಗಳು ಹಾಗೇ ಉಳಿದವು. ಇಲಿಯ ಆಯುಸ್ಸಿಗೆ ಅದು ದೊಡ್ಡ ಕಾಲ. ಮನುಷ್ಯರಲ್ಲೂ ಹೀಗೇ ಆಗುವುದಾದರೆ ನಿಷೇಧದ ಅವಧಿ ಎಷ್ಟಿರಬೇಕೆಂಬ ಪ್ರಶ್ನೆಯೇ ಹೊಸದಾಗಿ ಎದ್ದು ನಿಲ್ಲುತ್ತದೆ.

ಅಜ್ಜರಕಾಡಿನ ಆ ಹುಡುಗಿ ಶೂ ಬಿಚ್ಚುತ್ತಾ ಚೀಲದಿಂದ ಒಂದು ಡಬ್ಬಿ ತೆಗೆದಳು. ಯಾರೋ ಪರಿಚಯದವರು ಕೊಟ್ಟದ್ದಂತೆ, “ಸ್ಟ್ಯಾಮಿನಾ ಬರ್ತದೆ” ಎಂದು ಹೇಳಿ. ಮುಚ್ಚಳ ತೆಗೆದು ನೋಡಿದೆ. ಮಣ್ಣಿನ ಬಣ್ಣದ ಪುಡಿ, ಏಲಕ್ಕಿಯ ವಾಸನೆ. ಮೂಸಿಯೋ ಕಣ್ಣಲ್ಲಿ ನೋಡಿಯೋ ಹೇಳುವ ವಿದ್ಯೆಯಲ್ಲ ಇದು.

“ಬೇಡ ಮಗಾ” ಎಂದೆ.

“ಮತ್ತೆ ಎಂತ ತಿನ್ನುದು?”

ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಮೊಟ್ಟೆ, ಬೂತಾಯಿ ಎಂದೆ. “ಅದನ್ನು ದಿನಾ ತಿಂತೇನಲ್ಲ” ಎಂದಳು. ಕೋಚ್ ಆಗಲೇ ಎಂಟನೇ ಹರ್ಡಲ್ ಎತ್ತಿ ನಿಲ್ಲಿಸಿದ್ದರು. ಅದರ ಮುಂದೆ ಎರಡು ಮೀಟರ್ ಅಳೆದು ಸುಣ್ಣದ ಗೆರೆ ಹಾಕುತ್ತಿದ್ದರು, ಈ ಸಲ ಎಡಗಾಲಿಗೆ.