ಹೊಸ ಆಫರ್: ತೂಕ ಎಷ್ಟು, ತೊಳೆ ಎಷ್ಟು?

ಆರಾಮದ ಕೆಲಸ ಬಿಟ್ಟು ಹೊಸ ಕಡೆ ಹೋದರೆ
ನಿಜಕ್ಕೂ ಸಿಗುವುದೆಷ್ಟು?

ಆಫರ್‌ನಲ್ಲಿ ಮೊದಲು ಕಾಣುವುದು ಸಿಟಿಸಿ, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ.
ಅದು ಇಡೀ ಹಲಸಿನ ಹಣ್ಣಿನ ತೂಕ.
ಸಿಪ್ಪೆ, ಗೂಂಜು, ಮೇಣ, ಎಲ್ಲ ಸೇರಿ.
ಬಾಯಿಗೆ ಬರುವುದು ತೊಳೆ ಮಾತ್ರ.

ಕಂಪನಿ ಕಟ್ಟುವ ಪಿಎಫ್, ವಿಮೆ,
ಸಿಕ್ಕರೆ ಸಿಕ್ಕೀತು ಎನ್ನುವ ಬೋನಸ್,
ಎಷ್ಟೋ ಸಲ ಆ ತೂಕದಲ್ಲೇ ಇರುತ್ತವೆ.
ಹೋಲಿಸಬೇಕಾದ್ದು ತಿಂಗಳಿಗೆ ಕೈಗೆ ಬರುವ ಹಣವನ್ನು.

ಇನ್ನು, ಹಿಂದೆ ಬಿಟ್ಟುಹೋಗುವ ಹಣ.
ಇದನ್ನು ಮರೆಯುವುದು ಸುಲಭ.

ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು
ಸಾಮಾನ್ಯವಾಗಿ 5 ವರ್ಷದ ಸೇವೆ ಬೇಕು.
ಒಂದೊಂದು ವರ್ಷಕ್ಕೂ 15 ದಿನದ ವೇತನ, ವಾರದ ರಜೆ ಬಿಟ್ಟ ತಿಂಗಳ ಲೆಕ್ಕದಲ್ಲಿ.
ಲೆಕ್ಕಕ್ಕೆ ಬರುವ ತಿಂಗಳ ವೇತನ 40,000 ಎಂದುಕೊಂಡರೆ,
5 ವರ್ಷಕ್ಕೆ ಸುಮಾರು 1,15,000 ರೂಪಾಯಿ.
4 ವರ್ಷಕ್ಕೇ ಗಂಟುಮೂಟೆ ಕಟ್ಟಿದರೆ?
ಸಾಮಾನ್ಯವಾಗಿ ಸೊನ್ನೆ.

ಪಿಎಫ್ ಹಾಗಲ್ಲ.
ಹೊಸ ಕಂಪನಿಗೆ ವರ್ಗಾಯಿಸಿದರೆ ಹಳೆಯ ಸೇವೆಯೂ ಜೊತೆಗೆ ಬರುತ್ತದೆ.
5 ವರ್ಷದೊಳಗೆ ಬಿಡಿಸಿಕೊಂಡರೆ ತೆರಿಗೆ ಬೀಳಬಹುದು.

ಸ್ಟಾರ್ಟಪ್ ಕೊಡುವ ಷೇರು?
ಅದು ಸಾಮಾನ್ಯವಾಗಿ ಒಂದೇ ದಿನ ಕೈಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ.
ಮಾರುಕಟ್ಟೆಗೆ ಬಾರದ ಕಂಪನಿಯದಾದರೆ ಬೇಕೆಂದಾಗ ಮಾರಲೂ ಆಗದು.
ಮನೆ ಸಾಲದ ಕಂತಿಗೆ ಬ್ಯಾಂಕ್ ಕೇಳುವುದು ನಗದನ್ನೇ.

ಹಾಗೆಂದು ಹಳೆಯ ಕಡೆಯೇ ಉಳಿದರೆ, ಆ ಆರಾಮಕ್ಕೂ ಬೆಲೆ ತೆರಬೇಕು.
ವರ್ಷಗಟ್ಟಲೆ ಅದೇ ಕೆಲಸ ಮಾಡುವ ಕೈಗೆ ಹೊಸದು ಒಗ್ಗುವುದು ತಡ.
ಆ ನಷ್ಟ ಮಾತ್ರ ಯಾವ ಸಂಬಳದ ಚೀಟಿಯಲ್ಲೂ ಕಾಣುವುದಿಲ್ಲ.

ಕಡೆಯದು ರಾಜೀನಾಮೆ ಪತ್ರ.
ಅದು ಹೊರಡುವುದು
ಹೊಸ ಆಫರ್ ಬರಹದಲ್ಲಿ ಕೈಸೇರಿದ ಮೇಲೆ.